ಅನಿಲೀನ್: ನೀಲಿಯಿಂದ ಹುಟ್ಟಿ ಮೈ ನೀಲಿಗಟ್ಟಿಸುವ ರಾಸಾಯನಿಕ

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಅನಿಲೀನ್ ಹೆಸರು ಗೊತ್ತಿರುತ್ತದೆ. ಅಮೀನ್‌ಗಳ ಪಾಠದಲ್ಲಿ ಬಂದು, ಪ್ರಯೋಗಾಲಯದಲ್ಲಿ ಕಿತ್ತಳೆ-ಕೆಂಪು ಬಣ್ಣ ಮಾಡಿ ತೋರಿಸಿ, ಪರೀಕ್ಷೆ ಮುಗಿದ ಮೇಲೆ ಮರೆತುಹೋಗುವ ಹೆಸರು ಅದು. ಉಳಿದವರಿಗೆ ಇದೇ ವಸ್ತು ಬೇರೆ ಬೇರೆ ಮಾತುಗಳಲ್ಲಿ ಎದುರಾಗುತ್ತದೆ. "ತಿಂಡಿಗೆ ಹಾಕುವ ಬಣ್ಣ ಡಾಂಬರಿನಿಂದ ಮಾಡಿದ್ದಂತೆ", "ತಲೆಗೆ ಹಚ್ಚುವ ಡೈ ಕ್ಯಾನ್ಸರ್ ತರುತ್ತದಂತೆ", "ಜ್ವರದ ಮಾತ್ರೆಯೂ ಬಣ್ಣದ ಕಾರ್ಖಾನೆಯ ಕೂಸಂತೆ" ಎಂಬ ಸಂದೇಶಗಳನ್ನು ನೀವೂ ಓದಿರಬಹುದು.

ಈ ಮೂರೂ ಮಾತುಗಳಲ್ಲಿ ಸ್ವಲ್ಪ ಸತ್ಯವಿದೆ, ಬಹಳಷ್ಟು ಗೊಂದಲವಿದೆ. ಅನಿಲೀನ್ ನಿಜಕ್ಕೂ ವಿಷ. ಆದರೆ ಅನಿಲೀನ್‌ನಿಂದ ಅಥವಾ ಅದರ ಬಂಧು ಬಳಗದಿಂದ ಹುಟ್ಟಿದ್ದೆಲ್ಲವೂ ವಿಷವಲ್ಲ. ಒಂದು ವಸ್ತು ಯಾವುದರಿಂದ ಬಂತು ಎನ್ನುವುದಕ್ಕಿಂತ ಅದು ಈಗ ಯಾವ ಅಣುವಾಗಿದೆ, ಎಷ್ಟು ಪ್ರಮಾಣದಲ್ಲಿದೆ, ಯಾವ ದಾರಿಯಿಂದ ಮೈ ಸೇರುತ್ತದೆ ಮತ್ತು ಒಳಗೆ ಹೋದ ಮೇಲೆ ಏನಾಗಿ ಒಡೆಯುತ್ತದೆ ಎನ್ನುವುದೇ ಅಪಾಯವನ್ನು ತೀರ್ಮಾನಿಸುತ್ತದೆ. ಈ ಮಾತನ್ನು ಅರ್ಥಮಾಡಿಕೊಳ್ಳಲು ಅನಿಲೀನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅನಿಲೀನ್ ಅನಿಲವಲ್ಲ

ಕನ್ನಡದಲ್ಲಿ ಮೊದಲು ಬಿಡಿಸಬೇಕಾದ ಗಂಟು ಇದು. ಹೆಸರು ಕೇಳಿದರೆ 'ಅನಿಲ' ನೆನಪಾಗುತ್ತದೆ, ಆದರೆ ಎರಡಕ್ಕೂ ಸಂಬಂಧವಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಅನಿಲೀನ್ ಎಣ್ಣೆಯಂಥ ದ್ರವ. ಸೊನ್ನೆಗಿಂತ 6 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ, 184 ಡಿಗ್ರಿಯಲ್ಲಿ ಕುದಿಯುತ್ತದೆ. ನೀರಿಗಿಂತ ತುಸು ಭಾರ. 100 ಮಿಲಿಲೀಟರ್ ನೀರಿನಲ್ಲಿ ಕರಗುವುದು ಸುಮಾರು ಮೂರೂವರೆ ಗ್ರಾಂ ಮಾತ್ರ. ಎಣ್ಣೆ, ಕೊಬ್ಬು, ಆಲ್ಕೋಹಾಲ್‌ಗಳೊಡನೆ ಮಾತ್ರ ಚೆನ್ನಾಗಿ ಬೆರೆಯುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗಷ್ಟೇ ಬಟ್ಟಿ ಇಳಿಸಿದ ಅನಿಲೀನ್‌ಗೆ ಬಣ್ಣವಿಲ್ಲ. ಗಾಳಿ ಬೆಳಕು ತಗುಲಿದಂತೆ ಹಳದಿಯಾಗಿ, ಕೊನೆಗೆ ಕಂದಾಗುತ್ತದೆ. ಕಾಲೇಜಿನ ಬಾಟಲಿಯಲ್ಲಿ ಕಾಣುವುದು ಹೆಚ್ಚಾಗಿ ಈ ಕಂದು ದ್ರವವೇ.

ಇದನ್ನು 'ಆರೋಮ್ಯಾಟಿಕ್' ಸಂಯುಕ್ತ ಎಂದು ಕರೆಯುತ್ತಾರೆ. ಹಾಗೆಂದರೆ ಪರಿಮಳವುಳ್ಳದ್ದು ಎಂದಲ್ಲ. ಈ ಗುಂಪಿನ ವಸ್ತುಗಳನ್ನು ಮೊದಲು ಗುರುತಿಸಿದಾಗ ಕೆಲವಕ್ಕೆ ಸುವಾಸನೆ ಇತ್ತು, ಹೆಸರು ಹಾಗೇ ಉಳಿಯಿತು. ಇಂದು ಆ ಪದದ ಅರ್ಥ, ಬೆಂಜೀನ್‌ನಂಥ ಸ್ಥಿರವಾದ ಉಂಗುರ ಉಳ್ಳದ್ದು ಎಂದು ಮಾತ್ರ. ಅನಿಲೀನ್‌ನ ವಾಸನೆಯಂತೂ ಕೊಳೆತ ಮೀನಿನದು.

ರಚನೆ ಬಹಳ ಸರಳ. ಆರು ಇಂಗಾಲದ ಬೆಂಜೀನ್ ಉಂಗುರ, ಅದಕ್ಕೆ ಅಂಟಿದ ಒಂದು ಸಾರಜನಕ, ಆ ಸಾರಜನಕಕ್ಕೆ ಎರಡು ಜಲಜನಕ. ಸಾರಜನಕ ತನ್ನ ಬಳಿಯಿರುವ ಒಂದು ಜೊತೆ ಇಲೆಕ್ಟ್ರಾನುಗಳನ್ನು ಉಂಗುರದೊಡನೆ ಹಂಚಿಕೊಳ್ಳುತ್ತದೆ. ಹೀಗಾಗಿ ಅಮೋನಿಯಾಕ್ಕೆ ಹೋಲಿಸಿದರೆ ಇದು ದುರ್ಬಲ ಪ್ರತ್ಯಾಮ್ಲ, ಆದರೆ ಇದರ ಉಂಗುರ ಬಲು ಚುರುಕು. ಬ್ರೋಮಿನ್ ನೀರು ಹಾಕಿದ ಕೂಡಲೇ ಬಿಳಿ ಗಸಿ ಬೀಳುವುದು ಇದರಿಂದಲೇ. 0ರಿಂದ 5 ಡಿಗ್ರಿ ತಂಪಿನಲ್ಲಿ ನೈಟ್ರಸ್ ಆಮ್ಲದೊಡನೆ ಸೇರಿಸಿ, ಬಳಿಕ ನ್ಯಾಫ್ತಾಲ್ ಹಾಕಿದರೆ ಕಿತ್ತಳೆ-ಕೆಂಪು 'ಆಜೋ' ಬಣ್ಣ ಬರುತ್ತದೆ. ಪಿಯುಸಿ ಮಕ್ಕಳು ಮಾಡುವ ಈ ಪುಟ್ಟ ಪ್ರಯೋಗದ ಮೇಲೆಯೇ ಒಂದು ಇಡೀ ಉದ್ಯಮ ನಿಂತಿದೆ.

ಹೆಸರಿನ ಬೇರು ನಮ್ಮ ನೀಲಿಯಲ್ಲಿ

ಸಂಸ್ಕೃತದ 'ನೀಲ' ಅರಬ್ಬರ ಬಾಯಲ್ಲಿ 'ಅನ್-ನೀಲ್' ಆಯಿತು, ಪೋರ್ಚುಗೀಸರಲ್ಲಿ 'ಅನಿಲ್' ಆಯಿತು. ಅವರಿಗೆ ಆ ಪದದ ಅರ್ಥ ನೀಲಿ ಗಿಡ, ಅದರಿಂದ ತೆಗೆದ ಬಣ್ಣ. 1826ರಲ್ಲಿ ಜರ್ಮನಿಯ ಒಟ್ಟೊ ಉನ್‌ವರ್ಡೋರ್ಬೆನ್ ನೀಲಿಯನ್ನು ಕಾಸಿ ಬಟ್ಟಿ ಇಳಿಸಿದಾಗ ಈ ದ್ರವ ಸಿಕ್ಕಿತು. 1834ರಲ್ಲಿ ಫ್ರೀಡ್‌ಲೀಬ್ ರುಂಗೆಗೆ ಕಲ್ಲಿದ್ದಲಿನ ಡಾಂಬರಿನಲ್ಲಿ ಸಿಕ್ಕಿತು. 1840ರಲ್ಲಿ ಫ್ರಿಟ್ಶೆ ಎಂಬಾತ ಮತ್ತೆ ನೀಲಿಯಿಂದ ತೆಗೆದು 'ಅನಿಲೀನ್' ಎಂದು ಹೆಸರಿಟ್ಟ. 1842ರಲ್ಲಿ ರಷ್ಯಾದ ನಿಕೊಲಾಯ್ ಜಿನಿನ್ ನೈಟ್ರೋಬೆಂಜೀನ್‌ನಿಂದ ತಯಾರಿಸಿದ. ನಾಲ್ಕು ಕಡೆ ಸಿಕ್ಕಿದ್ದೂ ಒಂದೇ ವಸ್ತು ಎಂದು 1843ರಲ್ಲಿ ತೋರಿಸಿದವನು ಆಗಸ್ಟ್ ಹಾಫ್‌ಮನ್. ಗಿಡದಿಂದ ಬಂದರೂ ಡಾಂಬರಿನಿಂದ ಬಂದರೂ ಅಣು ಒಂದೇ ಆದರೆ ಅದರ ಗುಣವೂ ಒಂದೇ. "ನೈಸರ್ಗಿಕವಾದ್ದು ಒಳ್ಳೆಯದು, ಕೃತಕವಾದ್ದು ಕೆಟ್ಟದ್ದು" ಎಂಬ ಲೆಕ್ಕ ಇಲ್ಲಿಯೇ ಬಿದ್ದುಹೋಗುತ್ತದೆ.

1856ರಲ್ಲಿ ಹಾಫ್‌ಮನ್‌ನ ಶಿಷ್ಯ, 18 ವರ್ಷದ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮಲೇರಿಯಾದ ಔಷಧ ಕ್ವಿನೈನ್ ತಯಾರಿಸಲು ಹೊರಟಿದ್ದ. ಕ್ವಿನೈನ್ ಬರಲಿಲ್ಲ. ಅನಿಲೀನ್‌ನಿಂದ ಬಂದ ಕಪ್ಪು ಗಸಿಯನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದಾಗ ಚೆಂದದ ನೇರಳೆ ಬಣ್ಣ ಕಂಡಿತು. ಅವನ ಅನಿಲೀನ್‌ನಲ್ಲಿ ಟೊಲುಡೀನ್ ಎಂಬ ಬಂಧುವಿನ ಕಲಬೆರಕೆ ಇರದಿದ್ದರೆ ಆ ಬಣ್ಣ ಬರುತ್ತಲೇ ಇರಲಿಲ್ಲ. ಕೃತಕ ಬಣ್ಣಗಳ ಉದ್ಯಮ ಶುರುವಾದದ್ದು ಹೀಗೆ.

ಆ ಉದ್ಯಮ ಕೊನೆಗೆ ತನ್ನ ಮೂಲಕ್ಕೇ ಕೈಹಾಕಿತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಭಾರತದ ನೀಲಿ ಬೆಳೆಯ ಬೆಲೆ ಕುಸಿಯಿತು. ಬಿಹಾರದ ಪ್ಲಾಂಟರುಗಳು ಆ ನಷ್ಟವನ್ನು ಗೇಣಿ ಏರಿಸಿ ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋಗಬೇಕಾಗಿ ಬಂದ ಸಂಕಟದ ಹಿಂದೆ ಈ ಕೃತಕ ನೀಲಿಯ ಪೆಟ್ಟೂ ಇತ್ತು.

ಇಂದು ಅನಿಲೀನ್ ಹೆಚ್ಚಾಗಿ ಬಳಕೆಯಾಗುವುದು ಬಣ್ಣಕ್ಕಲ್ಲ, ಪಾಲಿಯುರೆಥೇನ್‌ಗೆ. ನಿಮ್ಮ ಮನೆಯ ಫ್ರಿಜ್ಜಿನ ಗೋಡೆಯೊಳಗೆ ತಂಪು ಹಿಡಿದಿಡುವ ಗಟ್ಟಿ ಫೋಮ್ ಇದೆಯಲ್ಲ, ಅದರ ಮೂಲದಲ್ಲಿ ಅನಿಲೀನ್ ಇದೆ. ರಬ್ಬರ್ ಕೈಗಾರಿಕೆ, ಕೀಟನಾಶಕ, ಬಣ್ಣ, ಔಷಧಗಳ ತಯಾರಿಕೆಗೂ ಇದು ಬೇಕು. ಹಾಗೆಂದು ಫ್ರಿಜ್ಜಿನ ಫೋಮ್ ಮುಟ್ಟಿದರೆ ಅನಿಲೀನ್ ಮುಟ್ಟಿದಂತಲ್ಲ. ಅಲ್ಲಿ ಅದು ಬೇರೆಯೇ ಅಣುವಾಗಿ, ಗಟ್ಟಿಯಾಗಿ ಹೆಣೆದುಕೊಂಡಿದೆ. ಸೋಫಾ ಅಂಗಡಿಯ 'ಅನಿಲೀನ್ ಲೆದರ್' ಕೂಡ ಹೀಗೆಯೇ. ತೊಗಲಿನ ಮೇಲ್ಮೈ ಮುಚ್ಚದೆ ಒಳಕ್ಕಿಳಿಯುವ ಬಣ್ಣ ಹಾಕಿದ ಚರ್ಮ ಎಂಬುದು ಆ ಮಾತಿನ ಅರ್ಥ. ಅದಕ್ಕೆ ಅನಿಲೀನ್ ಸುರಿದಿರುವುದಿಲ್ಲ.

ಅಪಾಯ ಇರುವುದು ಚರ್ಮದಲ್ಲಿ

ಶುದ್ಧ ಅನಿಲೀನ್ ಬಳಸುವ ಜಾಗದಲ್ಲಿ ಕಥೆಯೇ ಬೇರೆ. ವಿಷ ಎಂದ ಕೂಡಲೇ ನಾವು ಬಾಯಿ, ಮೂಗುಗಳ ಬಗ್ಗೆ ಯೋಚಿಸುತ್ತೇವೆ. ಅನಿಲೀನ್‌ನ ಹೆದ್ದಾರಿ ಚರ್ಮ. ಕೊಬ್ಬಿನೊಡನೆ ಬೆರೆಯುವ ಗುಣ ಇರುವುದರಿಂದ ಅದು ಚರ್ಮದ ಮೂಲಕ ಸಲೀಸಾಗಿ ಒಳಗಿಳಿಯುತ್ತದೆ. ಅದರ ಆವಿಯೂ ಚರ್ಮದ ಮೂಲಕ ಹೋಗಬಲ್ಲದು. ಆಮ್ಲ ಬಿದ್ದರೆ ಉರಿಯುತ್ತದೆ, ತಕ್ಷಣ ಕೈ ತೊಳೆಯುತ್ತೇವೆ. ಅನಿಲೀನ್ ಬಿದ್ದರೆ ಹಾಗೆ ಎಚ್ಚರಿಸುವಂಥ ಉರಿ ಇರುವುದಿಲ್ಲ. ಬಟ್ಟೆಗೆ, ಚಪ್ಪಲಿಗೆ ಬಿದ್ದದ್ದು ಗಂಟೆಗಟ್ಟಲೆ ಮೈಗೆ ತಾಗಿಕೊಂಡೇ ಇರಬಹುದು.

ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯಮದಂತೆ ಎಂಟು ಗಂಟೆಯ ಕೆಲಸದಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸರಾಸರಿ 5 ಭಾಗಕ್ಕಿಂತ ಹೆಚ್ಚು ಅನಿಲೀನ್ ಇರಬಾರದು. ಆ ಪಟ್ಟಿಯಲ್ಲಿ ಅನಿಲೀನ್ ಮುಂದೆ 'ಚರ್ಮ' ಎಂಬ ಗುರುತೂ ಇದೆ. ಗಾಳಿ ಚೊಕ್ಕಟವಾಗಿದ್ದರಷ್ಟೇ ಸಾಲದು, ಮೈಗೆ ತಾಗದಂತೆಯೂ ನೋಡಿಕೊಳ್ಳಿ ಎಂಬುದು ಅದರ ಅರ್ಥ. ಮೂಗಿಗೆ ಮಾತ್ರ ಮಾಸ್ಕ್ ಹಾಕಿಕೊಂಡು ಬರಿಗೈಯಲ್ಲಿ ಡ್ರಮ್ಮಿನಿಂದ ಬಗ್ಗಿಸುವವರಿಗೆ ಈ ಒಂದು ಪದವೇ ಎಚ್ಚರಿಕೆ.

ಚರ್ಮದ ದಾರಿ ಎಷ್ಟು ಸಲೀಸು ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಕಂಡಿದ್ದಾರೆ. 1886ರಲ್ಲಿ ಲಂಡನ್ನಿನಲ್ಲಿ ನವಜಾತ ಶಿಶುಗಳ ಮೈ ನೀಲಿಗಟ್ಟಿದ ಪ್ರಕರಣ ವರದಿಯಾಯಿತು. ಕಾರಣ ಹುಡುಕಿದರೆ, ಲಂಗೋಟಿಯ ಬಟ್ಟೆಗೆ ಗುರುತಿಗಾಗಿ ಒತ್ತಿದ್ದ ಮುದ್ರೆಯ ಶಾಯಿ. ಅದರಲ್ಲಿ ಅನಿಲೀನ್ ಇತ್ತು. ಎಳೆ ಮಕ್ಕಳ ಚರ್ಮ ತೆಳು. ಇಂಥ ವಿಷವನ್ನು ನಿಭಾಯಿಸುವ ಕಿಣ್ವವೂ ಅವರ ರಕ್ತದಲ್ಲಿ ಕಡಿಮೆ. ಹೀಗಾಗಿ ಮೊದಲ ಪೆಟ್ಟು ಅವರಿಗೇ.

ರಕ್ತದೊಳಗೆ ಏನಾಗುತ್ತದೆ?

ನಮ್ಮ ಕೆಂಪು ರಕ್ತಕಣಗಳಲ್ಲಿ ಹಿಮೋಗ್ಲೋಬಿನ್ ಇದೆ, ಅದರ ನಡುವೆ ಕಬ್ಬಿಣವಿದೆ. ಆ ಕಬ್ಬಿಣ ಒಂದು ನಿರ್ದಿಷ್ಟ ಸ್ಥಿತಿಯಲ್ಲಿದ್ದರೆ ಮಾತ್ರ ಆಮ್ಲಜನಕವನ್ನು ಹೊರಬಲ್ಲದು. ಆ ಕಬ್ಬಿಣ ಇನ್ನೊಂದು ಇಲೆಕ್ಟ್ರಾನ್ ಕಳೆದುಕೊಂಡರೆ ಹಿಮೋಗ್ಲೋಬಿನ್ 'ಮೆಟ್‌ಹಿಮೋಗ್ಲೋಬಿನ್' ಆಗುತ್ತದೆ. ಅದು ಆಮ್ಲಜನಕ ಹೊರುವುದಿಲ್ಲ. ಅಷ್ಟೇ ಅಲ್ಲ, ಪಕ್ಕದಲ್ಲಿರುವ ಒಳ್ಳೆಯ ಭಾಗಗಳೂ ಆಮ್ಲಜನಕವನ್ನು ಅಂಗಾಂಶಗಳಿಗೆ ಬಿಟ್ಟುಕೊಡದಂತೆ ಮಾಡುತ್ತದೆ. ಆರೋಗ್ಯವಂತರಲ್ಲೂ ಇದು ಇರುತ್ತದೆ, ಆದರೆ ನೂರಕ್ಕೆ ಒಂದರಷ್ಟು, ಅದಕ್ಕೂ ಕಡಿಮೆ. ರಕ್ತಕಣದ ಕಿಣ್ವಗಳು ಅದನ್ನು ಸರಿಪಡಿಸುತ್ತಲೇ ಇರುತ್ತವೆ.

ಅನಿಲೀನ್ ಈ ಸಮತೋಲವನ್ನು ಕೆಡಿಸುತ್ತದೆ. ನೇರವಾಗಿ ಅಲ್ಲ. ಯಕೃತ್ತು ಅದನ್ನು ಮೊದಲು ಫಿನೈಲ್‌ಹೈಡ್ರಾಕ್ಸಿಲಮೀನ್ ಎಂಬ ವಸ್ತುವಾಗಿ ಬದಲಿಸುತ್ತದೆ. ಅದು ರಕ್ತಕಣ ಹೊಕ್ಕು ಹಿಮೋಗ್ಲೋಬಿನ್ನನ್ನು ಕೆಡಿಸಿ, ತಾನು ನೈಟ್ರೋಸೋಬೆಂಜೀನ್ ಆಗುತ್ತದೆ. ರಕ್ತಕಣ ಅದನ್ನು ಮತ್ತೆ ಹಳೆಯ ರೂಪಕ್ಕೆ ತರುತ್ತದೆ, ಅದು ಮತ್ತೆ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ಗಾಣದ ಎತ್ತಿನಂತೆ ಒಂದೇ ಅಣು ಸುತ್ತುತ್ತಾ ಹಲವು ಸಲ ಹಾನಿ ಮಾಡುತ್ತದೆ. ಸ್ವಲ್ಪ ಅನಿಲೀನ್ ದೊಡ್ಡ ಪರಿಣಾಮ ಬೀರುವುದು ಹೀಗೆ. ಯಕೃತ್ತಿನ ಕೆಲಸ ಮೊದಲು ನಡೆಯಬೇಕಾದ್ದರಿಂದ ಲಕ್ಷಣಗಳು ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಲೂಬಹುದು. ಮಧ್ಯಾಹ್ನ ಮೈಮೇಲೆ ಚೆಲ್ಲಿಕೊಂಡವರು "ಏನೂ ಆಗಿಲ್ಲ" ಎಂದು ಮನೆಗೆ ಹೋಗಿ ಸಂಜೆ ಕುಸಿದು ಬೀಳುವ ಸಾಧ್ಯತೆ ಇರುವುದು ಇದರಿಂದಲೇ.

ಮೆಟ್‌ಹಿಮೋಗ್ಲೋಬಿನ್ ನೂರಕ್ಕೆ 10-15ರಷ್ಟಾದಾಗ ತುಟಿ, ಉಗುರು, ಕಿವಿಯ ತುದಿ ನೀಲಿ-ಬೂದಿ ಬಣ್ಣಕ್ಕೆ ತಿರುಗುತ್ತವೆ. ಆಗ ಮನುಷ್ಯನಿಗೆ ಏನೂ ಅನಿಸದೆಯೂ ಇರಬಹುದು. 20-30 ದಾಟಿದರೆ ತಲೆನೋವು, ಸುಸ್ತು, ತಲೆಸುತ್ತು, ಏದುಸಿರು. 50 ದಾಟಿದರೆ ಪ್ರಜ್ಞೆ ತಪ್ಪುವುದು, ಸೆಳವು, ಹೃದಯದ ಬಡಿತ ಏರುಪೇರಾಗುವುದು. 70ರ ಮೇಲೆ ಸಾವಿನ ಭಯ. ಬದುಕಿ ಉಳಿದವರಲ್ಲೂ ಕೆಲವು ದಿನಗಳ ಬಳಿಕ ರಕ್ತಕಣಗಳು ಒಡೆದು ರಕ್ತಹೀನತೆ ಬರಬಹುದು. ಹಾಗಾಗಿ ಆಸ್ಪತ್ರೆಯಿಂದ ಬಂದ ಮೇಲೂ ರಕ್ತಪರೀಕ್ಷೆ ಬಿಡಬಾರದು.

ಆಕ್ಸಿಮೀಟರ್ ಹೇಳುವ ಸುಳ್ಳು

ಕೋವಿಡ್ ಬಂದ ಮೇಲೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಷ್ಟೋ ಮನೆ ಸೇರಿದೆ. ಆದರೆ ಇಂಥ ವಿಷದಲ್ಲಿ ಅದನ್ನು ನಂಬುವಂತಿಲ್ಲ. ಸಾಮಾನ್ಯ ಆಕ್ಸಿಮೀಟರ್ ಎರಡು ಬಗೆಯ ಬೆಳಕನ್ನು ಹಾಯಿಸಿ, ಆಮ್ಲಜನಕ ಹೊತ್ತ ಮತ್ತು ಹೊರದ ಹಿಮೋಗ್ಲೋಬಿನ್‌ಗಳನ್ನು ಲೆಕ್ಕ ಹಾಕುತ್ತದೆ. ಮೆಟ್‌ಹಿಮೋಗ್ಲೋಬಿನ್ ಎರಡೂ ಬೆಳಕನ್ನು ಹೀರುತ್ತದೆ. ಹೀಗಾಗಿ ಪರಿಸ್ಥಿತಿ ಎಷ್ಟೇ ಕೆಟ್ಟರೂ ಸಂಖ್ಯೆ 85ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆಮ್ಲಜನಕ ಕೊಟ್ಟರೂ ನೀಲಿ ಬಣ್ಣ ಹೋಗದಿರುವುದು, ತೆಗೆದ ರಕ್ತ ಚಾಕೊಲೇಟ್ ಬಣ್ಣದಲ್ಲಿದ್ದು ಗಾಳಿ ತಾಗಿದರೂ ಕೆಂಪಾಗದಿರುವುದು ವೈದ್ಯರಿಗೆ ಸಿಗುವ ಸುಳಿವುಗಳು. ಕೋ-ಆಕ್ಸಿಮೀಟರ್ ಎಂಬ ಬೇರೆ ಉಪಕರಣದಿಂದ ನಿಖರವಾಗಿ ಅಳೆಯುತ್ತಾರೆ.

ಇಲ್ಲಿ ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಒಂದು ಹೆಸರು. ರೋಗಿ ಯಾವ ರಾಸಾಯನಿಕದ ಹತ್ತಿರ ಇದ್ದ ಎಂದು ಹೇಳಿ. ಸಾಧ್ಯವಾದರೆ ಡ್ರಮ್ಮಿನ ಮೇಲಿನ ಲೇಬಲ್ಲಿನ ಫೋಟೊ ಹಿಡಿದು ಹೋಗಿ.

ಚೆಲ್ಲಿದರೆ ಏನು ಮಾಡಬೇಕು, ಏನು ಮಾಡಬಾರದು

ಮೊದಲು ಆ ಜಾಗದಿಂದ ಹೊರಗೆ, ಗಾಳಿಯಾಡುವಲ್ಲಿಗೆ ಕರೆತನ್ನಿ. ನೆರವಾಗುವವರು ತಮ್ಮ ಕೈಗೂ ತಾಗದಂತೆ ನೋಡಿಕೊಳ್ಳಬೇಕು. ಬಟ್ಟೆ, ಬೂಟು, ವಾಚಿನ ಪಟ್ಟಿ ಎಲ್ಲವನ್ನೂ ತಕ್ಷಣ ತೆಗೆಯಿಸಿ. ಸಾಕಷ್ಟು ನೀರು, ಸೋಪು ಹಾಕಿ ಮೈ ತೊಳೆಯಿರಿ. ಉಗುರುಸಂದಿ, ಕೂದಲು, ಕಿವಿಯ ಹಿಂದೆ ಮರೆಯಬೇಡಿ. ಕಣ್ಣಿಗೆ ಬಿದ್ದಿದ್ದರೆ ಕನಿಷ್ಠ 15 ನಿಮಿಷ ನೀರು ಹಾಯಿಸಿ. ನಂತರ, ಲಕ್ಷಣ ಇರಲಿ ಇಲ್ಲದಿರಲಿ, ಆಸ್ಪತ್ರೆಗೆ ಕರೆದೊಯ್ಯಿರಿ. ನೆನೆದ ಚರ್ಮದ ಬೂಟು, ಬೆಲ್ಟು ತೊಳೆದರೂ ಶುದ್ಧವಾಗುವುದಿಲ್ಲ. ಅವನ್ನು ಮತ್ತೆ ಹಾಕಿಕೊಳ್ಳಬಾರದು.

ತಪ್ಪು ನಂಬಿಕೆಗಳೂ ಇವೆ. "ಸ್ಪಿರಿಟ್ ಹಾಕಿ ಒರೆಸಿದರೆ ಬೇಗ ಹೋಗುತ್ತದೆ" ಎನ್ನುತ್ತಾರೆ. ಆಲ್ಕೋಹಾಲ್ ಅನಿಲೀನನ್ನು ಕರಗಿಸಿ ಚರ್ಮದೊಳಕ್ಕೆ ಇನ್ನಷ್ಟು ತಳ್ಳುತ್ತದೆ. ಬಿಸಿನೀರು ಚರ್ಮದ ರಕ್ತಸಂಚಾರ ಹೆಚ್ಚಿಸಿ ಅದೇ ಕೆಲಸ ಮಾಡುತ್ತದೆ. ಮದ್ಯ ಕುಡಿಸುವುದಂತೂ ವಿಷದ ಪರಿಣಾಮವನ್ನು ಹೆಚ್ಚಿಸುತ್ತದೆ. "ಹಾಲು ಕುಡಿದರೆ ವಿಷ ಇಳಿಯುತ್ತದೆ" ಎಂಬುದೂ ಸುಳ್ಳು. ಕೊಬ್ಬಿನಲ್ಲಿ ಬೆರೆಯುವ ವಸ್ತುವಿಗೆ ಹಾಲು ಮದ್ದಲ್ಲ. ನುಂಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ.

ಇದಕ್ಕೆ ಮದ್ದು ಇದೆ, ಮತ್ತು ಅದು ಒಂದು ನೀಲಿ ಬಣ್ಣ. 1876ರಲ್ಲಿ ಜರ್ಮನಿಯಲ್ಲಿ ಹೈನ್‌ರಿಷ್ ಕಾರೊ ಬಟ್ಟೆಗಾಗಿ ತಯಾರಿಸಿದ ಮೆಥಿಲೀನ್ ಬ್ಲೂ. ಅದನ್ನು ಲೆಕ್ಕದ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ ಕೆಟ್ಟ ಹಿಮೋಗ್ಲೋಬಿನ್ ಮತ್ತೆ ಸರಿಯಾಗುತ್ತದೆ. ಅದೂ ಅನಿಲೀನ್‌ನ ಬಳಗದ ಕೂಸೇ. ಪ್ರಮಾಣ ಹೆಚ್ಚಾದರೆ ಮದ್ದೇ ಮೆಟ್‌ಹಿಮೋಗ್ಲೋಬಿನ್ ಹೆಚ್ಚಿಸುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಕೊಟ್ಟರೆ ರಕ್ತಕಣ ಒಡೆಯುತ್ತದೆ. ಹಾಗಾಗಿ ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಬಿಳಿ ಬಟ್ಟೆಗೆ ಹಾಕುವ ನೀಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಕ್ಯಾನ್ಸರಿನ ಆರೋಪ ಎಷ್ಟು ನಿಜ?

1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್‌ವಿಗ್ ರೇನ್ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಂಡದ್ದನ್ನು ವರದಿ ಮಾಡಿದ. ಅದಕ್ಕೆ 'ಅನಿಲೀನ್ ಗಡ್ಡೆ' ಎಂಬ ಹೆಸರೇ ಬಿತ್ತು. ಆದರೆ ಆ ಕಾರ್ಖಾನೆಗಳಲ್ಲಿ ಅನಿಲೀನ್ ಒಂದೇ ಇರಲಿಲ್ಲ, ಅದರ ಬಂಧುಗಳೂ ಇದ್ದರು. 1954ರಲ್ಲಿ ಬ್ರಿಟನ್ನಿನಲ್ಲಿ ರಾಬರ್ಟ್ ಕೇಸ್ ಮತ್ತು ಸಂಗಡಿಗರು ಬಣ್ಣದ ಉದ್ಯಮದ ಕಾರ್ಮಿಕರ ದಾಖಲೆಗಳನ್ನು ಜಾಲಾಡಿದಾಗ ಮುಖ್ಯ ಅಪರಾಧಿಗಳಾಗಿ ಕಂಡದ್ದು 2-ನ್ಯಾಫ್ತೈಲಮೀನ್ ಮತ್ತು ಬೆಂಜಿಡೀನ್. ಅನಿಲೀನ್ ಮೇಲಿನ ಆರೋಪ ಅಲ್ಲಿ ಸಾಬೀತಾಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ ಇಂದು 2-ನ್ಯಾಫ್ತೈಲಮೀನ್, ಬೆಂಜಿಡೀನ್ ಮತ್ತು ಆರ್ಥೋ-ಟೊಲುಡೀನ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಒಂದನೇ ಗುಂಪಿನಲ್ಲಿ ಇಟ್ಟಿದೆ. ಅನಿಲೀನನ್ನು 2020ರಲ್ಲಿ '2ಎ' ಗುಂಪಿಗೆ, ಅಂದರೆ 'ಬಹುಶಃ ಕ್ಯಾನ್ಸರ್ ತರಬಲ್ಲದು' ಎಂಬ ಗುಂಪಿಗೆ ಸೇರಿಸಿತು. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂದು ಹೇಳುತ್ತವೆ. ಎಷ್ಟು ತಾಗಿದರೆ ಎಷ್ಟು ಅಪಾಯ ಎಂದು ಹೇಳುವುದಿಲ್ಲ. ಮೂತ್ರಕೋಶದ ಕ್ಯಾನ್ಸರ್ ತಲೆದೋರಲು ಹತ್ತಿಪ್ಪತ್ತು ವರ್ಷ ಬೇಕಾಗುವುದರಿಂದ, ಬಣ್ಣದ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರಿಗೆ ಹಳೆಯ ಕೆಲಸದ ವಿಷಯ ಹೇಳಲೇಬೇಕು.

ಇದೇ ಬಳಗದ ಅಮೀನ್‌ಗಳು ತಂಬಾಕಿನ ಹೊಗೆಯಲ್ಲೂ ಇವೆ. ಮೂತ್ರಕೋಶದ ಕ್ಯಾನ್ಸರಿಗೆ ಇಂದು ಅತಿ ದೊಡ್ಡ ಕಾರಣ ಧೂಮಪಾನವೇ. ತಿಂಡಿಯ ಬಣ್ಣದ ಬಗ್ಗೆ ಸಂದೇಶ ಕಳಿಸುತ್ತಾ ಸಿಗರೇಟು ಸೇದುವವರು ಇದನ್ನು ತಿಳಿದಿರಬೇಕು.

ಜ್ವರದ ಮಾತ್ರೆಯ ಕಥೆ

1886ರಲ್ಲಿ ಸ್ಟ್ರಾಸ್‌ಬರ್ಗಿನ ಇಬ್ಬರು ಯುವ ವೈದ್ಯರು, ಕಾನ್ ಮತ್ತು ಹೆಪ್, ರೋಗಿಗೆ ನ್ಯಾಫ್ತಲೀನ್ ಕೊಡಲು ಹೋಗಿ, ತಪ್ಪಾಗಿ ಬಂದಿದ್ದ ಅಸಿಟನಿಲೈಡ್ ಕೊಟ್ಟರು. ಜ್ವರ ಇಳಿಯಿತು. ಅನಿಲೀನ್‌ನಿಂದ ಒಂದೇ ಹೆಜ್ಜೆಯಲ್ಲಿ ತಯಾರಾಗುವ ಈ ವಸ್ತು 'ಆಂಟಿಫೆಬ್ರಿನ್' ಎಂಬ ಹೆಸರಿನಲ್ಲಿ ಮಾರಾಟವಾಯಿತು. ಆದರೆ ತೆಗೆದುಕೊಂಡ ಕೆಲವರ ಮೈ ನೀಲಿಗಟ್ಟಿತು.

ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1948ರಲ್ಲಿ. ಅಮೆರಿಕದ ಬ್ರಾಡಿ ಮತ್ತು ಆಕ್ಸೆಲ್‌ರಾಡ್ ತೋರಿಸಿದಂತೆ, ಅಸಿಟನಿಲೈಡ್ ಮೈಯೊಳಗೆ ಎರಡು ದಾರಿ ಹಿಡಿಯುತ್ತದೆ. ಬಹುಪಾಲು ಪ್ಯಾರಾಸಿಟಮಾಲ್ ಆಗುತ್ತದೆ, ಜ್ವರ ಇಳಿಸುವುದು ಅದೇ. ಸ್ವಲ್ಪ ಭಾಗ ಅನಿಲೀನ್ ಆಗುತ್ತದೆ, ಮೈ ನೀಲಿಗಟ್ಟಿಸುವುದು ಅದು. ಹಾಗಿದ್ದರೆ ನೇರವಾಗಿ ಪ್ಯಾರಾಸಿಟಮಾಲ್ ಕೊಟ್ಟರಾಯಿತಲ್ಲ! ಇಂದು ನಾವು ನುಂಗುವುದು ಅದನ್ನೇ. ಅದರ ಬುಡದಲ್ಲಿ ಅನಿಲೀನ್‌ನ ಬಂಧುವೊಂದು ಇರುವುದು ನಿಜ. ಆದರೆ ಹೇಳಿದ ಪ್ರಮಾಣದಲ್ಲಿ ಅದು ಅನಿಲೀನ್‌ನಂತೆ ರಕ್ತವನ್ನು ಕೆಡಿಸುವುದಿಲ್ಲ. ಪ್ರಮಾಣ ಮೀರಿದರೆ ಯಕೃತ್ತಿಗೆ ಪೆಟ್ಟು, ಅದು ಬೇರೆಯೇ ಅಪಾಯ.

ತಿಂಡಿಯ ಬಣ್ಣ, ತಲೆಯ ಬಣ್ಣ

2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿತು. ಮಾದರಿಗಳಲ್ಲಿ ಸಿಕ್ಕಿದ್ದ ಬಣ್ಣಗಳಲ್ಲಿ ರೋಡಮೀನ್-ಬಿ ಆಹಾರಕ್ಕೆ ಎಂದೂ ಒಪ್ಪಿಗೆ ಇಲ್ಲದ, ಬಟ್ಟೆ ಕಾಗದಗಳ ಬಣ್ಣ. ಸನ್‌ಸೆಟ್ ಯೆಲ್ಲೊ, ಟಾರ್ಟ್ರಜೀನ್‌ಗಳು ಕೆಲವು ಆಹಾರಗಳಿಗೆ ಮಿತಿಯೊಳಗೆ ಒಪ್ಪಿಗೆ ಇರುವ ಆಜೋ ಬಣ್ಣಗಳು.

ಆಜೋ ಬಣ್ಣಗಳೆಲ್ಲ ಒಂದೇ ಅಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಈ ಬಣ್ಣಗಳನ್ನು ನಡುವೆ ಮುರಿದು ಮತ್ತೆ ಅಮೀನ್‌ಗಳನ್ನಾಗಿ ಮಾಡುತ್ತವೆ. ಯಾವ ಅಮೀನ್ ಹೊರಬರುತ್ತದೆ ಎಂಬುದೇ ಪ್ರಶ್ನೆ. ಬೆಂಜಿಡೀನ್ ಬಿಡುಗಡೆಯಾಗುವ ಬಣ್ಣ ಅಪಾಯಕಾರಿ. ಅದಕ್ಕಾಗಿಯೇ ಜರ್ಮನಿ 1990ರ ದಶಕದಲ್ಲಿ ಬಟ್ಟೆಗಳಲ್ಲಿ ಅಂಥ ಬಣ್ಣಗಳನ್ನು ತಡೆಯಿತು, ಅದೇ ದಶಕದಲ್ಲಿ ಭಾರತವೂ ನಿಷೇಧಿಸಿತು. ಸನ್‌ಸೆಟ್ ಯೆಲ್ಲೊ ಒಡೆದರೆ ಬರುವ ಸಲ್ಫನಿಲಿಕ್ ಆಮ್ಲ ಅನಿಲೀನ್‌ನ ಮಗುವೇ ಆದರೂ ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೊರಹೋಗುವಂಥದು. 'ಡಾಂಬರಿನ ಬಣ್ಣ' ಎಂಬ ಒಂದೇ ಪದದಿಂದ ಇವೆರಡನ್ನೂ ಅಳೆಯಲಾಗದು. ಕಂಪನಿಯ ಲೇಬಲ್ ಇಲ್ಲದೆ ಪೊಟ್ಟಣದಲ್ಲಿ ತೂಗಿ ಕೊಡುವ ಬಣ್ಣ ಯಾವುದು ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ನಿಜವಾದ ಭಯ ಅದು.

ಹೇರ್ ಡೈಗಳಲ್ಲಿ ಇರುವ ಪಿಪಿಡಿ, ಅಂದರೆ ಪ್ಯಾರಾ-ಫಿನೈಲೀನ್‌ಡಯಮೀನ್, ಅನಿಲೀನ್‌ಗೆ ಇನ್ನೊಂದು ಅಮೀನ್ ಸೇರಿಸಿದ ಅಣು. ಮನೆಯಲ್ಲಿ ತಲೆಗೆ ಹಚ್ಚಿಕೊಳ್ಳುವುದರಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಹೇಳುವಷ್ಟು ಸಾಕ್ಷ್ಯವಿಲ್ಲ ಎಂದು ಐಎಆರ್‌ಸಿ ಹೇಳಿದೆ. ದಿನವಿಡೀ ಅದನ್ನೇ ಮುಟ್ಟುವ ಕ್ಷೌರಿಕರ, ಪಾರ್ಲರಿನವರ ಕೆಲಸವನ್ನು ಮಾತ್ರ 2ಎ ಗುಂಪಿನಲ್ಲಿ ಇಟ್ಟಿದೆ. ಅವರು ಕೈಗವಸು ಬಿಡಬಾರದು. ಉಳಿದವರಿಗೆ ಹತ್ತಿರದ ಅಪಾಯ ಅಲರ್ಜಿ. ಹಚ್ಚುವ ಎರಡು ದಿನ ಮೊದಲು ಸ್ವಲ್ಪವೇ ಚರ್ಮಕ್ಕೆ ಹಚ್ಚಿ ನೋಡಿ. ಬೇಗ ಕಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿ ಪಿಪಿಡಿ ಬೆರೆಸಿರುವುದುಂಟು, ಮಕ್ಕಳ ಕೈಗೆ ಅದು ಬೇಡ. ಹೇರ್ ಡೈ ಹೊಟ್ಟೆಗೆ ಹೋದರಂತೂ ಗಂಟಲು ಊದಿ ಉಸಿರು ಕಟ್ಟಬಹುದು, ಸ್ನಾಯು ಕರಗಿ ಮೂತ್ರಪಿಂಡ ಕೆಡಬಹುದು. ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ ಅದು.

ಊರಿಗೇ ಬಂದ ಸಂಕಟ

ಕಾರ್ಖಾನೆಯ ಗೋಡೆ ದಾಟಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆ ನೋಡಿ. 1981ರ ಮೇ ತಿಂಗಳಲ್ಲಿ ಸ್ಪೇನಿನ ಮ್ಯಾಡ್ರಿಡ್ ಸುತ್ತಮುತ್ತ ವಿಚಿತ್ರ ಕಾಯಿಲೆ ಹಬ್ಬಿತು. ಮೊದಲು ನ್ಯುಮೋನಿಯಾ ಎಂದುಕೊಂಡರು. ಕೊನೆಗೆ ಸಿಕ್ಕಿದ್ದು ಅಡುಗೆ ಎಣ್ಣೆ. ಕೈಗಾರಿಕೆಗೆಂದು ತರಿಸಿದ್ದ, ಯಾರೂ ತಿನ್ನದಿರಲಿ ಎಂದೇ ನೂರಕ್ಕೆ ಎರಡರಷ್ಟು ಅನಿಲೀನ್ ಬೆರೆಸಿದ್ದ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಯನ್ನು ಶುದ್ಧೀಕರಿಸಿ, ಆಲಿವ್ ಎಣ್ಣೆ ಎಂದು ಬೀದಿಯಲ್ಲಿ ಮಾರಿದ್ದರು. ಸುಮಾರು 20,000 ಜನ ಕಾಯಿಲೆ ಬಿದ್ದರು, 300ಕ್ಕೂ ಹೆಚ್ಚು ಮಂದಿ ಸತ್ತರು. ಅದು ಅನಿಲೀನ್‌ನ ಮಾಮೂಲಿ ನೀಲಿ ಕಾಯಿಲೆಯಾಗಿರಲಿಲ್ಲ. ಶ್ವಾಸಕೋಶ, ಸ್ನಾಯು, ನರಗಳನ್ನು ಹಿಂಡಿತು. ಅನಿಲೀನ್ ಎಣ್ಣೆಯ ಕೊಬ್ಬಿನಾಮ್ಲಗಳೊಡನೆ ಕೂಡಿ ಹುಟ್ಟಿದ ವಸ್ತುಗಳ ಮೇಲೆ ಅನುಮಾನ ಬಿತ್ತು. ಆದರೆ ಕೊಂದ ಅಣು ಯಾವುದೆಂದು ವಿಜ್ಞಾನಿಗಳು ಇಂದಿಗೂ ಖಚಿತವಾಗಿ ಸಾಬೀತು ಮಾಡಿಲ್ಲ.

2005ರ ನವೆಂಬರ್ 13ರಂದು ಚೀನಾದ ಜಿಲಿನ್ ನಗರದ ಅನಿಲೀನ್ ಘಟಕದಲ್ಲಿ ಸ್ಫೋಟವಾಯಿತು. ಸುಮಾರು 100 ಟನ್ ಬೆಂಜೀನ್, ನೈಟ್ರೋಬೆಂಜೀನ್, ಅನಿಲೀನ್ ಸೊಂಗ್‌ಹುವಾ ನದಿ ಸೇರಿತು. ಕೆಳಗಿನ ಹಾರ್ಬಿನ್ ನಗರದ ಲಕ್ಷಾಂತರ ಜನಕ್ಕೆ ನಾಲ್ಕು ದಿನ ನಲ್ಲಿ ನೀರು ನಿಂತಿತು.

ಯಾರಿಗೆ ಎಷ್ಟು ಭಯ?

ಸಾಮಾನ್ಯ ಗೃಹಸ್ಥರಿಗೆ ಅನಿಲೀನ್ ನೇರವಾಗಿ ಎದುರಾಗುವ ಸಂದರ್ಭ ವಿರಳ. ಬಣ್ಣದ ಅಂಗಿ, ಜ್ವರದ ಮಾತ್ರೆ, ಫ್ರಿಜ್ಜು ಇವುಗಳಿಗೆ ಹೆದರಬೇಕಿಲ್ಲ. ಲೇಬಲ್ ಇಲ್ಲದ ತಿಂಡಿ ಬಣ್ಣ, ಬಿಡಿ ಎಣ್ಣೆ, ಕಪ್ಪು ಮೆಹಂದಿ ಇವುಗಳ ಬಗ್ಗೆ ಎಚ್ಚರ ಸಾಕು.

ಹೆದರಬೇಕಾದವರು ಬೇರೆ ಇದ್ದಾರೆ. ಡ್ರಮ್ಮಿನಿಂದ ಸುರಿಯುವವರು, ಟ್ಯಾಂಕ್ ತೊಳೆಯುವವರು, ಲಾರಿಯಲ್ಲಿ ಸಾಗಿಸುವವರು, ಕಾಲೇಜಿನ ಪ್ರಯೋಗಾಲಯದ ಸಹಾಯಕರು. 1948ರ ಕಾರ್ಖಾನೆ ಕಾಯ್ದೆಯೇ ಬೆಂಜೀನ್ ಮತ್ತು ಅದರ ನೈಟ್ರೋ, ಅಮೈಡೋ ಉತ್ಪನ್ನಗಳಿಂದ ಆಗುವ ವಿಷಬಾಧೆಯನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಅವರ ಬಳಿ ಬ್ಯೂಟೈಲ್ ರಬ್ಬರಿನಂಥ, ಅನಿಲೀನ್ ಸುಲಭವಾಗಿ ತೂರದ ಕೈಗವಸು ಇರಬೇಕು. ಆಸ್ಪತ್ರೆಯಲ್ಲಿ ಬಳಸುವ ತೆಳು ಗವಸು ಸಾಲದು. ಪಕ್ಕದಲ್ಲೇ ನೀರು, ಸೋಪು, ಬದಲಿ ಬಟ್ಟೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡ್ರಮ್ಮಿನೊಳಗೆ ಏನಿದೆ ಎಂದು ಅವರಿಗೆ ಅವರ ಭಾಷೆಯಲ್ಲಿ ಯಾರಾದರೂ ಹೇಳಿರಬೇಕು. ಜೊತೆಗೆ ಕೆಲಸ ಮಾಡುವವನ ತುಟಿ ನೀಲಿಯಾಗಿದ್ದರೆ, ಅವನು "ನಾನು ಚೆನ್ನಾಗೇ ಇದ್ದೀನಿ" ಎಂದರೂ ಕೇಳಬೇಡಿ, ಬಟ್ಟೆ ಬಿಚ್ಚಿಸಿ, ಮೈ ತೊಳೆಸಿ, ಆಸ್ಪತ್ರೆಗೆ ಕರೆದೊಯ್ಯಿರಿ.